ಮಗ ಹಾಸ್ಟೆಲ್‌ಗೆ ಹೋಗುವಷ್ಟರಲ್ಲಿ ಏನೇನು ಕಲಿತಿರಬೇಕು?

ಮಗ ಈಗಷ್ಟೇ ಪಿಯುಸಿ ಸೇರಿದ್ದಾನೆ, ಇನ್ನು ಎರಡು ವರ್ಷಕ್ಕೆ ಹಾಸ್ಟೆಲ್‌ಗೆ ಹೋಗುತ್ತಾನೆ, ಲೋಟ ತೊಳೆದೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಎರಡು ವರ್ಷ ಧಾರಾಳವಾಯಿತು. ಮೊದಲು ನೆನಪಿಡುವ ಕೆಲಸವನ್ನು ಅವನಿಗೆ ಬಿಟ್ಟುಕೊಡಿ. ಬಹಳ ಮನೆಗಳಲ್ಲಿ ಹುಡುಗ ಬಟ್ಟೆ ಒಗೆಯುತ್ತಾನೆ, ಆದರೆ "ನಾಳೆಗೆ ಯೂನಿಫಾರ್ಮ್ ಇಲ್ಲ, ನೆನೆಹಾಕು" ಎಂದು ಅಮ್ಮ ಎರಡು ಸಲ ಕೂಗಿದ ಮೇಲೆ. ಕೈ ಅವನದು, ತಲೆ ಇನ್ನೂ ನಿಮ್ಮದೇ.

ಹಾಗಾಗಿ ಬಟ್ಟೆಯನ್ನು ಪೂರ್ತಿ ವಹಿಸಿಬಿಡಿ. ಸೋಪಿನ ಪುಡಿ ಮುಗಿದದ್ದು ನೋಡುವುದು, ಬಣ್ಣ ಬಿಡುವುದನ್ನು ಬೇರೆ ಇಡುವುದು, ಅರ್ಧ ಗಂಟೆ ನೆನೆಸಿ ಕಾಲರು, ತೋಳಿನ ಅಂಚು ಉಜ್ಜುವುದು, ಮಳೆಗಾಲದಲ್ಲಿ ಜೀನ್ಸ್ ಒಣಗಲು ಎರಡು ದಿನ ಬೇಕೆಂದು ಲೆಕ್ಕ ಹಾಕುವುದು, ಎಲ್ಲಾ ಅವನದೇ. ಮೊದಲ ವಾರ ಒಂದು ದಿನವಾದರೂ ಹಸಿ ವಾಸನೆಯ ಶರ್ಟಿನಲ್ಲಿ ಕಾಲೇಜಿಗೆ ಹೋಗುತ್ತಾನೆ. ಹೋಗಲಿ. ಬೆಳಿಗ್ಗೆ ಆರಕ್ಕೆ ಎದ್ದು ಇಸ್ತ್ರಿ ಹಿಡಿದಿರೋ, ಅಲ್ಲಿಗೆ ಕೆಟ್ಟಿತು.

ಮೆಸ್ ಇರುವಾಗ ಅಡುಗೆ ಯಾಕೆ ಅನ್ನಬೇಡಿ, ಎಷ್ಟೋ ಹುಡುಗರು ಆಮೇಲೆ ರೂಮು ಮಾಡುತ್ತಾರೆ. ಅನ್ನ, ಬೇಳೆಸಾರು, ಉಪ್ಪಿಟ್ಟು ಬಂದರೆ ಸಾಕು. ಸೋನಾ ಮಸೂರಿಗೆ ಒಂದಕ್ಕೆ ಎರಡೂವರೆ ನೀರು, ಮೂರು ಕೂಗು. ಕುಕ್ಕರನ್ನು ಮಾತ್ರ ಪಕ್ಕದಲ್ಲಿ ನಿಂತು ಕಲಿಸಿ: ಮುಚ್ಚುವ ಮುಂಚೆ ವೆಯ್ಟ್ ಕೂರುವ ನಳಿಗೆಯನ್ನು ಬೆಳಕಿಗೆ ಹಿಡಿದು ಆಚೆ ಕಾಣುತ್ತದಾ ನೋಡಬೇಕು. ಬೇಳೆ ನೊರೆ ಉಕ್ಕಿ ಅಲ್ಲೇ ಕಟ್ಟಿಕೊಳ್ಳುತ್ತದೆ, ಅದಕ್ಕೇ ನೀರೂ ಸೇರಿ ಅರ್ಧಕ್ಕಿಂತ ಮೇಲೆ ತುಂಬಬಾರದು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನು.

ದುಡ್ಡನ್ನು ವಾರದ ಲೆಕ್ಕದಲ್ಲಿ ಕೊಡಿ. ಬಸ್ಸು, ರೀಚಾರ್ಜು, ಜೆರಾಕ್ಸು, ಸಂಜೆಯ ತಿಂಡಿ ಎಲ್ಲಾ ಅದರೊಳಗೇ. ಗುರುವಾರಕ್ಕೇ ಖಾಲಿಯಾದರೆ ಬಸ್ ಚಾರ್ಜ್ ಮುಂದಿನ ವಾರದ್ದರಲ್ಲಿ ಮುರಿದು ಕೊಡಿ, ತಿಂಡಿಗೆ ಕೊಡಬೇಡಿ. ಎರಡು ಮೂರು ತಿಂಗಳಲ್ಲಿ ಕೈ ಹಿಡಿತಕ್ಕೆ ಬಂದ ಮೇಲೆ ತಿಂಗಳಿಗೊಮ್ಮೆ. ಯುಪಿಐ ಪಿನ್ ದುಡ್ಡು ಕಳಿಸಲಿಕ್ಕೆ, ಬರಲಿಕ್ಕೆ ಯಾವತ್ತೂ ಬೇಡ ಎಂಬುದನ್ನು ಫೋನಿನಲ್ಲೇ ತೋರಿಸಿ. ಮೋಸ ಹೋದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬೇಕು. ಅವನ ಬ್ಯಾಂಕ್ ಖಾತೆ ಮೈನರ್ ಖಾತೆಯಾಗಿದ್ದರೆ 18 ತುಂಬಿದ ಕೂಡಲೇ ಹೊಸ ಸಹಿ, ಕೆವೈಸಿ ಕೊಡಿಸಿ. ಇಲ್ಲದಿದ್ದರೆ ಕಾಲೇಜು ಫೀಸು ಕಟ್ಟುವ ವಾರದಲ್ಲೇ ಖಾತೆ ಸ್ಥಗಿತವಾಗಬಹುದು.

ಹುಷಾರು ತಪ್ಪಿದಾಗಿನದು ಒಂದೇ ಮಾತು: ಭೇದಿಯಾದರೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಇಡೀ ಒಂದು ಲೀಟರ್ ನೀರಿಗೇ ಕಲಸಬೇಕು. ಲೋಟಕ್ಕೆ ಸ್ವಲ್ಪ ಸ್ವಲ್ಪ ಉದುರಿಸಿದರೆ ಉಪ್ಪಿನ ಹದ ಕೆಡುತ್ತದೆ.

ಸಿಇಟಿಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕಾದರೆ ನಾಡಕಚೇರಿಗೆ ಅವನೇ ಹೋಗಿಬರಲಿ. ಹೆಸರು, ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಂತೆಯೇ ಇದೆಯೇ ಎಂದು ಅಕ್ಷರಕ್ಕೆ ಅಕ್ಷರ ಹೋಲಿಸಿ, ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಲಿ. ನೀವು ಮನೆಯಲ್ಲೇ ಇರಿ, ಫೋನ್ ಮಾಡಿ ಕೇಳಿದರೆ ಹೇಳಿ.