ಗಾಡಿ ಪ್ರಶ್ನೋತ್ತರ: ಕಾರಿನ ಮ್ಯಾಪೋ, ಫೋನಿನ ಮ್ಯಾಪೋ?

ಪ್ರಶ್ನೆ: ಹೊಸ ಕಾರು ಬುಕ್ ಮಾಡಬೇಕೆಂದಿದ್ದೇವೆ. ಮಧ್ಯದ ವೇರಿಯಂಟ್‌ನಲ್ಲಿ ಆಂಡ್ರಾಯ್ಡ್ ಆಟೊ ಮಾತ್ರ ಇದೆ. ಮೇಲಿನದರಲ್ಲಿ ಒಳಗೇ ನ್ಯಾವಿಗೇಶನ್, ಜೊತೆಗೆ ‘ಕನೆಕ್ಟೆಡ್ ಕಾರ್’ ಸೌಲಭ್ಯ. ಬೆಲೆ ಒಂದೂಕಾಲು ಲಕ್ಷ ಹೆಚ್ಚು. ನಮ್ಮ ಓಡಾಟ ಕಲಬುರಗಿ–ಬೀದರ್, ಆಗಾಗ ಹೈದರಾಬಾದ್. ಹೆಚ್ಚಿನ ದುಡ್ಡು ಕೊಡಬೇಕೇ? (ಕಲಬುರಗಿ ಓದುಗರು)

ಉತ್ತರ: ದಾರಿ ತೋರಿಸಲಿಕ್ಕಷ್ಟೇ ಎಂದಾದರೆ ಬೇಡ. ಹುಮನಾಬಾದ್ ಮೂಲಕ ಬೀದರ್‌ಗೆ ಹೆದ್ದಾರಿ 50, ಹುಮನಾಬಾದ್‌ನಿಂದ ಹೈದರಾಬಾದ್‌ಗೆ ಹೆದ್ದಾರಿ 65. ಇಷ್ಟಕ್ಕೆ ಫೋನಿನ ಮ್ಯಾಪ್ ಸಾಕು.

ನ್ಯಾವಿಗೇಶನ್ನೂ ಕನೆಕ್ಟೆಡ್ ಸೇವೆಯೂ ಒಂದೇ ಪರದೆಯಲ್ಲಿ ಕಾಣುವುದರಿಂದ ಒಂದೇ ವಸ್ತು ಅನ್ನಿಸುತ್ತದೆ. ಹಾಗಲ್ಲ. ಕಾರಿನೊಳಗಿನ ನ್ಯಾವಿಗೇಶನ್‌ಗೆ ನಕ್ಷೆ ಕಾರಿನ ಮೆಮೊರಿಯಲ್ಲೋ ಎಸ್‌ಡಿ ಕಾರ್ಡಿನಲ್ಲೋ ಇರುತ್ತದೆ, ಇಂಟರ್ನೆಟ್ ಬೇಕಿಲ್ಲ. ಹಲವು ಕಾರುಗಳಲ್ಲಿ ಇದು ಚಕ್ರದ ವೇಗದ ಸೆನ್ಸರ್ ಮತ್ತು ತಿರುವು ಅಳೆಯುವ ಗೈರೊವನ್ನೂ ಬಳಸುತ್ತದೆ. ಹಾಗಾಗಿ ಅಂಡರ್‌ಪಾಸ್‌ನಲ್ಲಿ ಉಪಗ್ರಹದ ಸಿಗ್ನಲ್ ತಪ್ಪಿದರೂ ಬಾಣ ಮುಂದೆ ಸಾಗುತ್ತಿರುತ್ತದೆ. ಇದರ ಕೊರತೆ ಒಂದೇ, ಆದರೆ ದೊಡ್ಡದು: ನಕ್ಷೆಯನ್ನು ನಾವೇ ಹೊಸದು ಮಾಡಿಸಬೇಕು.

ಆಂಡ್ರಾಯ್ಡ್ ಆಟೊ, ಆಪಲ್ ಕಾರ್‌ಪ್ಲೇ ಎಂದರೆ ಫೋನಿನ ಮ್ಯಾಪೇ ಕಾರಿನ ಪರದೆಗೆ ಬರುವುದು. ಡೇಟಾ ಫೋನಿನದು, ನಕ್ಷೆ ತಾನಾಗಿಯೇ ಹೊಸದಾಗುತ್ತಿರುತ್ತದೆ.

ಕನೆಕ್ಟೆಡ್ ಸೇವೆ ಬೇರೆಯೇ. ಕಾರಿನೊಳಗೊಂದು ಇ-ಸಿಮ್, ಅಂದರೆ ಕಾರಿನಲ್ಲೇ ಕೂರಿಸಿದ ಸಿಮ್, ಇರುತ್ತದೆ. ಗಾಡಿ ಎಲ್ಲಿದೆ, ಬಾಗಿಲು ಲಾಕ್ ಆಗಿದೆಯೇ, ಟೈರಿನ ಗಾಳಿ ಎಷ್ಟು ಎಂಬುದನ್ನು ಅದು ಕಂಪನಿಯ ಸರ್ವರ್ ಮೂಲಕ ನಿಮ್ಮ ಆ್ಯಪ್‌ಗೆ ಕಳಿಸುತ್ತದೆ. ಮನೆಯಲ್ಲಿ ಕೂತೇ ಎ.ಸಿ. ಹಚ್ಚುವ ಸೌಲಭ್ಯವೂ ಕೆಲವು ಮಾದರಿಗಳಲ್ಲಿದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಶೋಕಿಯಲ್ಲ. ಆದರೂ ನನ್ನ ಮಟ್ಟಿಗೆ ದುಡ್ಡು ಕೊಡಬಹುದಾದದ್ದು ಎಸ್‌ಓಎಸ್‌ಗೆ, ಅಂದರೆ ಅಪಾಯದಲ್ಲಿ ನೆರವು ಕೇಳುವ ಕರೆಗೆ. ಇದರಲ್ಲೂ ಎರಡು ಬಗೆ. ಒಂದರಲ್ಲಿ ನೀವೇ ಗುಂಡಿ ಒತ್ತಬೇಕು. ಇನ್ನೊಂದರಲ್ಲಿ ಏರ್‌ಬ್ಯಾಗ್ ತೆರೆದುಕೊಂಡರೆ ಕಾರೇ ಕಾಲ್ ಸೆಂಟರ್‌ಗೆ ಕರೆ ಮಾಡುತ್ತದೆ. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಓಡಾಡುವವರಾದರೆ ಎರಡನೆಯ ಬಗೆ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

ಶೋರೂಮಿನಲ್ಲಿ ಕೇಳಬೇಕಾದ್ದು: ಇ-ಸಿಮ್ ಸೇವೆ ಎಷ್ಟು ವರ್ಷ ಉಚಿತ, ಆಮೇಲೆ ವರ್ಷಕ್ಕೆಷ್ಟು? ನವೀಕರಿಸದಿದ್ದರೆ ಯಾವುದು ನಿಲ್ಲುತ್ತದೆ? ನಕ್ಷೆಯ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ, ಇಂಟರ್ನೆಟ್ ಮೂಲಕವೇ ಬರುತ್ತದೋ, ಸರ್ವಿಸ್ ಸೆಂಟರ್‌ಗೆ ಹೋಗಬೇಕೋ? ಎಸ್‌ಓಎಸ್ ಒತ್ತಿದರೆ ಕನ್ನಡ ಬಲ್ಲವರು ಸಿಗುತ್ತಾರೆಯೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಚಂದಾ ಮುಗಿದರೆ ಲೈವ್ ಟ್ರಾಫಿಕ್, ದೂರದಿಂದ ಲಾಕ್ ಮಾಡುವುದು, ಎಸ್‌ಓಎಸ್ ಕರೆ ನಿಲ್ಲುವುದುಂಟು. ಮೆಮೊರಿಯಲ್ಲಿರುವ ನಕ್ಷೆ ಮಾತ್ರ ಉಳಿಯುತ್ತದೆ. ಎಸ್‌ಓಎಸ್ ಇದ್ದರೂ 112 ಮರೆಯಬೇಡಿ. ಅದಕ್ಕೆ ಚಂದಾ ಇಲ್ಲ.

ಪ್ರಶ್ನೆ: ಚಿಂಚೋಳಿ ಕಾಡಿನ ಕಡೆ ಹೋದರ ನೆಟ್‌ವರ್ಕ್ ಹೋಗಿ ಫೋನಿನ ಮ್ಯಾಪ್ ನಿಂತೇಬಿಡ್ತದ. ಕಾರಿನೊಳಗಿನ ಮ್ಯಾಪ್ ಆದರ ನಿಲ್ಲಂಗಿಲ್ಲ ಅಂತಾರ, ಖರೇನಾ? (ಸೇಡಂ ಓದುಗರು)

ಉತ್ತರ: ಖರೆ. ಆದರೆ ಫೋನಿನಲ್ಲೂ ನಿಲ್ಲಬೇಕಾಗಿಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಫೋನ್ ಅವುಗಳ ಸಿಗ್ನಲ್ ಕೇಳಿಸಿಕೊಳ್ಳುತ್ತದೆ ಅಷ್ಟೇ, ಏನನ್ನೂ ಕಳಿಸುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಸ್ಥಳ ಗೊತ್ತಾಗುತ್ತದೆ, ಟವರ್ ಬೇಕಿಲ್ಲ. ನಿಲ್ಲುವುದು ನಕ್ಷೆ, ಏಕೆಂದರೆ ಅದು ಇಂಟರ್ನೆಟ್‌ನಿಂದ ತುಂಡು ತುಂಡಾಗಿ ಬರುತ್ತಿರುತ್ತದೆ.

ಅದಕ್ಕೆ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಗೂಗಲ್ ಮ್ಯಾಪ್ಸ್ ತೆರೆದು ಬಲಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’, ಆಮೇಲೆ ‘ಸೆಲೆಕ್ಟ್ ಯುವರ್ ಓನ್ ಮ್ಯಾಪ್’ ಆರಿಸಿ. ಕಾಣುವ ಚೌಕದೊಳಗೆ ಸೇಡಂ, ಚಿಂಚೋಳಿ ಜೊತೆಗೆ ಗಡಿಯಾಚೆಯ ತಾಂಡೂರು, ಜಹೀರಾಬಾದ್ ಕೂಡ ಬರುವಂತೆ ಹಿಗ್ಗಿಸಿ, ವೈಫೈನಲ್ಲಿ ಡೌನ್‌ಲೋಡ್ ಮಾಡಿ. ಹಲವರು ತಾಲ್ಲೂಕಿನ ಗಡಿಗೇ ಚೌಕ ನಿಲ್ಲಿಸುತ್ತಾರೆ. ದಾರಿ ಚೌಕದಾಚೆ ಹೋದ ಕೂಡಲೇ ಮತ್ತೆ ಅದೇ ತೊಂದರೆ. ಇಳಿಸಿದ ನಕ್ಷೆಗೆ ಅವಧಿ ಇರುತ್ತದೆ, ಆಟೊ ಅಪ್‌ಡೇಟ್ ಆನ್ ಮಾಡಿಡಿ. ಹೊರಡುವ ಮೊದಲು ಮೊಬೈಲ್ ಡೇಟಾ ಆಫ್ ಮಾಡಿ, ಒಂದೆರಡು ಕಿ.ಮೀ. ಓಡಿಸಿ ನೋಡಿದರೆ ಕೆಲಸ ಆಗಿದೆಯೋ ಇಲ್ಲವೋ ತಿಳಿಯುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಹೊಸದಾಗಿ ಶುರುವಾದರೆ ಸ್ಥಳ ಸಿಗಲು ಅರ್ಧ ನಿಮಿಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಟವರ್ ಇದ್ದಾಗ ಅದೇ ವಿವರ ಇಂಟರ್ನೆಟ್‌ನಲ್ಲಿ ಬೇಗ ಬಂದುಬಿಡುತ್ತದೆ. ಹಾಗಾಗಿ ಗಿಡಗಳ ಕೆಳಗಲ್ಲದೆ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬಾಣ ಸ್ಥಿರವಾದ ಮೇಲೆ ಹೊರಡಿ.

ಆಫ್‌ಲೈನ್‌ನಲ್ಲಿ ಟ್ರಾಫಿಕ್ ಮಾಹಿತಿ, ಬದಲಿ ದಾರಿ ಸಿಗುವುದಿಲ್ಲ. ಇಂಟರ್ನೆಟ್ ಇದ್ದರೂ ಹಳ್ಳಿ ದಾರಿಯಲ್ಲಿ ಲೈವ್ ಟ್ರಾಫಿಕ್ ಮೇಲೆ ಭಾರ ಹಾಕಬೇಡಿ. ಅದು ಆ ರಸ್ತೆಯಲ್ಲಿ ಓಡುವ ಫೋನುಗಳ ವೇಗದಿಂದ ಲೆಕ್ಕ ಹಾಕಿದ್ದು. ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತ ಸರಿಯಾಗಿ ಹೇಳುತ್ತದೆ. ಅಫಜಲಪುರದ ಒಳದಾರಿಯಲ್ಲಿ ಲೆಕ್ಕಕ್ಕೆ ಫೋನುಗಳೇ ಇರುವುದಿಲ್ಲ. ಭೀಮಾ ತುಂಬಿ ತಗ್ಗು ಸೇತುವೆ ಮುಳುಗಿದಾಗಲೂ ಮ್ಯಾಪ್ ಅದೇ ದಾರಿ ತೋರಿಸಬಹುದು. ಹಾಗೆಯೇ ‘ಹತ್ತಿರದ ದಾರಿ’ ಎಂದು ಎರಿ ಹೊಲದ ಬಂಡಿದಾರಿಗೂ ಇಳಿಸಬಹುದು. ಮಳೆ ಬಿದ್ದ ಎರಿ ಮಣ್ಣಿನಲ್ಲಿ ಚಕ್ರ ಹೂತರೆ ಟ್ರ್ಯಾಕ್ಟರ್ ಬಂದೇ ಎಳೆಯಬೇಕು. ಮಳೆಗಾಲದಲ್ಲಿ ಊರ ಜನರನ್ನು ಕೇಳಿಯೇ ಹೆದ್ದಾರಿ ಬಿಡಿ. ಈ ಮಾತು ಕಾರಿನ ಮ್ಯಾಪಿಗೂ ಫೋನಿನ ಮ್ಯಾಪಿಗೂ ಅನ್ವಯಿಸುತ್ತದೆ.

ಪ್ರಶ್ನೆ: ಹಳೆಯ ಕಾರಿನ ಎಸ್‌ಡಿ ಕಾರ್ಡ್ ನ್ಯಾವಿಗೇಶನ್‌ನಲ್ಲಿ ‘ಕಲಬುರಗಿ’ ಎಂದು ಹುಡುಕಿದರೆ ಸಿಗುವುದೇ ಇಲ್ಲ. ಕೆಟ್ಟಿದೆಯೇ? (ಯಾದಗಿರಿ ಓದುಗರು)

ಉತ್ತರ: ಕೆಟ್ಟಿಲ್ಲ, ನಕ್ಷೆ ಹಳೆಯದು. ಊರಿನ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಕಲಬುರಗಿಗೆ ‘ಗುಲ್ಬರ್ಗಾ’, ವಿಜಯಪುರಕ್ಕೆ ‘ಬಿಜಾಪುರ’, ಸುರಪುರಕ್ಕೆ ‘ಶೋರಾಪುರ’ ಎಂದು ಹಾಕಿ ನೋಡಿ. ಶಹಾಪುರ ಹುಡುಕಿದಾಗ ಜಿಲ್ಲೆ ಯಾದಗಿರಿಯೇ ಎಂದು ಖಚಿತ ಮಾಡಿಕೊಳ್ಳಿ, ಬೆಳಗಾವಿಯಲ್ಲೂ ಒಂದು ಶಹಾಪುರ ಇದೆ.

ಅಪ್‌ಡೇಟ್‌ಗೆ ಮೊದಲು ಸೆಟ್ಟಿಂಗ್ಸ್‌ನಲ್ಲಿ ನಕ್ಷೆಯ ಆವೃತ್ತಿ ಬರೆದುಕೊಳ್ಳಿ. ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಡಿ, ಬೇರೆ ಕಾರಿನ ಕಾರ್ಡ್ ನಕಲು ಮಾಡಿಯೂ ಹಾಕಬೇಡಿ. ಎಷ್ಟೋ ಕಾರ್ಡುಗಳು ಆಯಾ ಯೂನಿಟ್‌ಗೇ ಬೆಸೆದಿರುತ್ತವೆ, ನಕಲು ನಡೆಯುವುದಿಲ್ಲ. ಪೆನ್‌ಡ್ರೈವ್‌ನಿಂದ ಹಾಕುವುದಾದರೆ ಬಯಲಿನಲ್ಲಿ ಎಂಜಿನ್ ಚಾಲೂ ಇಟ್ಟು ಮಾಡಿ, ಮುಚ್ಚಿದ ಶೆಡ್ಡಿನಲ್ಲಿ ಬೇಡ. ಎಂಜಿನ್ ಬಂದ್ ಇದ್ದರೆ 12 ವೋಲ್ಟ್ ಬ್ಯಾಟರಿ ಇಳಿದು ಕೆಲಸ ಅರ್ಧಕ್ಕೆ ನಿಲ್ಲಬಹುದು, ಪರದೆಯೇ ಏಳದೆ ಹೋಗಬಹುದು.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕನೆಕ್ಟೆಡ್ ಕಾರು ತಗೊಂಡೆ. ಎಚ್ಚರ ಏನು? (ಭಾಲ್ಕಿ ಓದುಗರು)

ಉತ್ತರ: ಹಳೆಯ ಮಾಲೀಕರ ಆ್ಯಪ್‌ನಲ್ಲಿ ಗಾಡಿ ಇನ್ನೂ ಇದ್ದರೆ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ಕಾಣುತ್ತದೆ, ಬಾಗಿಲನ್ನೂ ತೆರೆಯಬಹುದು. ಪೂರ್ತಿ ಹಣ ಕೊಡುವ ಮುನ್ನ ಅವರ ಆ್ಯಪ್‌ನಿಂದ ಗಾಡಿ ತೆಗೆಸಿ, ಪರದೆಯಲ್ಲಿ ಫ್ಯಾಕ್ಟರಿ ರಿಸೆಟ್ ಮಾಡಿ, ಬಳಿಕ ಆರ್‌ಸಿ ಕೊಟ್ಟು ನಿಮ್ಮ ಹೆಸರಿಗೆ ನೋಂದಾಯಿಸಿ. ರಿಸೆಟ್ ಒಂದೇ ಸಾಲದು, ಸರ್ವರ್‌ನಲ್ಲಿ ಹಳೆಯ ಖಾತೆ ಹಾಗೇ ಉಳಿದಿರಬಹುದು.

ಪ್ರಶ್ನೆ: ತಗ್ಗು ಬಂದಾಗಲೆಲ್ಲ ಆಂಡ್ರಾಯ್ಡ್ ಆಟೊ ಕಡಿದುಹೋಗುತ್ತದೆ. (ಶಹಾಬಾದ್ ಓದುಗರು)

ಉತ್ತರ: ಮೊದಲು ಕೇಬಲ್ ಬದಲಿಸಿ. ಒಂದು ಮೀಟರ್‌ಗಿಂತ ಗಿಡ್ಡನೆಯ ಡೇಟಾ ಕೇಬಲ್ ಬೇಕು, ಬರೀ ಚಾರ್ಜಿಂಗ್‌ನದು ನಡೆಯುವುದಿಲ್ಲ. ಫೋನಿನ ಪೋರ್ಟ್‌ನಲ್ಲಿ ಧೂಳು ಕೂತಿದ್ದರೆ ಪ್ಲಗ್ ಸಡಿಲಾಗುತ್ತದೆ. ಫೋನ್ ಆರಿಸಿ, ಮರದ ಹಲ್ಲುಕಡ್ಡಿಯಿಂದ ಹಗುರವಾಗಿ ತೆಗೆಯಿರಿ. ವೈರ್‌ಲೆಸ್ ಆದರೆ ಕುಲುಕಾಟದ ತೊಂದರೆ ಇಲ್ಲ, ಆದರೆ ಫೋನ್ ಹೆಚ್ಚು ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇಡದೆ ಎ.ಸಿ. ಗಾಳಿ ಬರುವಲ್ಲಿ ಇಡಿ.