ಸಿಟ್‌ಕಾಮ್‌ಗಳಲ್ಲಿ ಕಥೆ ಮುಂದಕ್ಕೇ ಹೋಗಲ್ಲ, ಆದರೂ ಜನ ಯಾಕೆ ನೋಡ್ತಾರೆ?

ಕಥೆ ಮುಂದಕ್ಕೆ ಹೋಗುವುದಿಲ್ಲ ಅಂತಲೇ ನೋಡುತ್ತಾರೆ! ಸಿಟ್‌ಕಾಮ್ ಅಂದರೆ ಅದೇ ಪಾತ್ರಗಳನ್ನು ಇಟ್ಟುಕೊಂಡು ಕಂತುಕಂತಿಗೂ ಹೊಸ ಪೇಚು ತರುವ ಟಿವಿ ಹಾಸ್ಯ ಸರಣಿ.

ನಮ್ಮದು ತೀರ್ಥಹಳ್ಳಿ ಕಡೆ, ತೋಟದ ಪಕ್ಕದ ಒಂಟಿ ಮನೆ. ಇಂಥ ಕಡೆ ಕೇಬಲ್ ಬರುವುದಿಲ್ಲ, ಡಿಶ್ಶೇ ಗತಿ. ಮಳೆ ಹಿಡಿದರೆ ಕರೆಂಟ್ ಇರುವುದಿಲ್ಲ, ಕರೆಂಟ್ ಇದ್ದರೆ ಸಿಗ್ನಲ್ ಇರುವುದಿಲ್ಲ. ನಾಲ್ಕು ದಿನ ಬಿಟ್ಟು ಟಿವಿ ಹಾಕಿದರೆ, ಧಾರಾವಾಹಿಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಅಂತಲೇ ತಿಳಿಯುವುದಿಲ್ಲ. ಈಟಿವಿಯಲ್ಲಿ ಬರುತ್ತಿದ್ದ ಸಿಹಿ ಕಹಿ ಚಂದ್ರು ಅವರ 'ಪಾಪ ಪಾಂಡು'ವಿಗೆ ಆ ತೊಂದರೆ ಇರಲಿಲ್ಲ. ಪಾಂಡುವಿಗೆ ಹೆಂಡತಿ ಶ್ರೀಮತಿ ಅಂದರೆ ಹೆದರಿಕೆ. ಅಷ್ಟು ಗೊತ್ತಿದ್ದರೆ ಸಾಕು, ಯಾವ ಕಂತನ್ನು ಬೇಕಾದರೂ ಕೂತು ನೋಡಬಹುದಿತ್ತು.

ಅಲ್ಲಿ ನಗು ಹುಟ್ಟುವುದು ಜೋಕಿನಿಂದಲ್ಲ, ಸ್ವಭಾವದಿಂದ. ಪಾಂಡು ಒಂದು ಸುಳ್ಳು ಹೇಳಿದ ಅಂದರೆ ಮುಂದೇನು ಕಾದಿದೆ ಅಂತ ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಪಾಂಡು ಪಾತ್ರದ ಚಿದಾನಂದ್ ಬಾಯಿ ತೆರೆಯುವ ಮೊದಲೇ ನಮಗೆ ನಗು ಬರುತ್ತಿತ್ತು. ಇನ್ನೊಂದು ಸಿಟ್‌ಕಾಮ್ 'ಸಿಲ್ಲಿ ಲಲ್ಲಿ'ಯ ಲಲಿತಾಂಬ ಸಮಾಜಸೇವೆಯ ಹುಚ್ಚು ಬಿಟ್ಟು ಸುಮ್ನೆ ಮನೆಯಲ್ಲಿ ಕೂತಿದ್ದರೆ ಯಾರು ನೋಡುತ್ತಿದ್ದರು ಹೇಳಿ? ಆ ಪಾತ್ರ ಬದಲಾಗಬಾರದು. ಬದಲಾಗಬೇಕಾದ್ದು ದಿನದಿನದ ಪೇಚು ಮಾತ್ರ. ಅದೇ ಮನೆ, ಅದೇ ನಾಲ್ಕೈದು ಜನರನ್ನು ಇಟ್ಟುಕೊಂಡು ದಿನಾ ಹೊಸ ಪೇಚು ಹುಟ್ಟಿಸುವುದು ಬಹಳ ಕಷ್ಟದ ಬರವಣಿಗೆ. ಅದಕ್ಕೆ ಸಿಗಬೇಕಾದ ಮರ್ಯಾದೆ ನಮ್ಮಲ್ಲಿ ಸಿಕ್ಕಿಲ್ಲ ಅನ್ನುವ ಬೇಜಾರು ನನಗಿದೆ.

ಸಿಟ್‌ಕಾಮ್‌ಗಳಲ್ಲಿ ಹಿಂದಿನಿಂದ ಕೇಳುವ ಪ್ರೇಕ್ಷಕರ ನಗು ಕಿರಿಕಿರಿ ಅಂತಲೂ ನೀವು ಪ್ರಶ್ನೆಯ ಜೊತೆ ಬರೆದಿದ್ದೀರಿ. ಅಮೆರಿಕದಲ್ಲಿ 1951ರಲ್ಲಿ ಶುರುವಾದ 'ಐ ಲವ್ ಲೂಸಿ'ಯನ್ನು ಪ್ರೇಕ್ಷಕರನ್ನು ಕೂರಿಸಿಕೊಂಡೇ, ಒಟ್ಟಿಗೆ ಮೂರು ಕ್ಯಾಮೆರಾ ಇಟ್ಟು ಚಿತ್ರೀಕರಿಸುತ್ತಿದ್ದರು. ಹಾಗೆ ಎದುರಿಗೆ ಕೂತವರು ನಕ್ಕರೆ ಅದು ಚೆಂದ. ಜನರೇ ಇಲ್ಲದ ಕಡೆ ರೆಕಾರ್ಡ್ ಮಾಡಿದ ನಗು ತಂದು ಅಂಟಿಸುವುದು ನನಗೂ ಹಿಡಿಸುವುದಿಲ್ಲ.

ಈಗ ಕನ್ನಡ ಚಾನೆಲ್‌ಗಳಲ್ಲಿ ಕಾಮಿಡಿ ಅಂದರೆ ಜಾಸ್ತಿ ಸ್ಕಿಟ್‌ಗಳೇ, ಅಂದರೆ ವೇದಿಕೆಯ ಮೇಲಿನ ಪುಟ್ಟ ಹಾಸ್ಯ ನಾಟಕಗಳೇ. ಕಲಾವಿದರು ಚೆನ್ನಾಗಿ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವಾರವಾರ ಹೊಸ ಪಾತ್ರ ಬಂದು ಹೋದರೆ ನಮಗೂ ಅವರಿಗೂ ಬಳಕೆ ಬೆಳೆಯುವುದು ಯಾವಾಗ? ಪಾಂಡು ನಮ್ಮ ಮನೆಯಲ್ಲಿ ನೆಂಟನ ಹಾಗಿದ್ದ. ಅಂಥ ಸಿಟ್‌ಕಾಮ್ ಮತ್ತೆ ಬರಬೇಕು, ಅದೂ ಬರೀ ಬೆಂಗಳೂರಿನ ಮನೆಗಳದ್ದಲ್ಲ. ನಮ್ಮ ಕಡೆಯ ಒಂದು ಸೊಸೈಟಿ ಆಫೀಸು, ಅಡಿಕೆ ಮಂಡಿ ಇಟ್ಟುಕೊಂಡು ಬರೆದರೆ ವರ್ಷಗಟ್ಟಲೆ ಓಡಿಸಬಹುದು.

ನೀವು ಹಳೆಯದನ್ನು ನೋಡುವುದಾದರೆ ಮೊದಲ ಕಂತನ್ನು ಹುಡುಕುತ್ತಾ ಕೂರಬೇಡಿ. ಎಲ್ಲಿಂದಾದರೂ ನಾಲ್ಕೈದು ಕಂತು ಸಾಲಾಗಿ ನೋಡಿ. ಒಂದೇ ನೋಡಿ ಬಿಟ್ಟರೆ ಪಾತ್ರಗಳ ಪರಿಚಯವೇ ಆಗುವುದಿಲ್ಲ.