ಪ್ಲೇಟಿಂಗ್ ಸ್ಲಡ್ಜ್‌ಗೆ ಸಿಮೆಂಟ್ ಬೆರೆಸಿ ಗೋಡೆ ಕಟ್ಟಬಹುದಾ?

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಲೇಪ ಹಾಕುವ) ಘಟಕ ಇದೆ. ಕ್ರೋಮಿಯಂ, ನಿಕ್ಕಲ್, ಸತು ಸೇರಿದ ಸ್ಲಡ್ಜ್ (ತ್ಯಾಜ್ಯ ನೀರಿನಿಂದ ಉಳಿದ ಕೆಸರು) ಡ್ರಮ್‌ಗಳಲ್ಲಿ ತುಂಬಿಕೊಂಡಿದೆ. ಸಿಮೆಂಟ್ ಬೆರೆಸಿದರೆ ಲೋಹ ಹೊರಗೆ ಬರುವುದಿಲ್ಲವಂತೆ. ಹಾಗಾದರೆ ಬ್ಲಾಕ್ ಮಾಡಿ ಕಾಂಪೌಂಡ್ ಕಟ್ಟಿಕೊಳ್ಳಬಹುದಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ನೀವು ಕೇಳಿದ ಮಾತು ಅರ್ಧ ಮಾತ್ರ ನಿಜ.

ಸಿಮೆಂಟ್ ಲೋಹವನ್ನು ಸುಮ್ನೆ ಕಲ್ಲಿನೊಳಗೆ ಮುಚ್ಚಿಡುವುದಿಲ್ಲ. ಕೆಲಸ ಮಾಡುವುದು ಅದರ ಕ್ಷಾರ. ಗಟ್ಟಿಯಾದ ಸಿಮೆಂಟಿನ ಸಣ್ಣ ರಂಧ್ರಗಳಲ್ಲಿರುವ ನೀರಿನ ಪಿಎಚ್ (7ಕ್ಕಿಂತ ಮೇಲೆ ಹೋದಷ್ಟೂ ಕ್ಷಾರ ಹೆಚ್ಚು ಅಂತ ತೋರಿಸುವ ಅಳತೆ) 12.5ಕ್ಕೂ ಮೇಲಿರುತ್ತದೆ. ಅಲ್ಲಿ ನಿಕ್ಕಲ್ ಹೈಡ್ರಾಕ್ಸೈಡ್ ಆಗಿ, ಕರಗದೆ ಕೂರುತ್ತದೆ. ಸತು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಪಿಎಚ್ 9–10ರ ಸುಮಾರಿಗೆ ತಳ ಸೇರಿದ್ದು, ಕ್ಷಾರ ಜಾಸ್ತಿಯಾದರೆ ಮತ್ತೆ ಕರಗುತ್ತದೆ. ಸಿಮೆಂಟ್ ಕಣಗಳ ಮೇಲೆ ಪದರ ಕಟ್ಟಿ, ಬ್ಲಾಕ್ ಬೇಗ ಗಟ್ಟಿಯಾಗದಂತೆಯೂ ಮಾಡುತ್ತದೆ.

ನನಗೆ ಹೆಚ್ಚು ಭಯ ಕ್ರೋಮಿಯಂನದು. ಅದರಲ್ಲಿ ಎರಡು ಬಗೆ. ಮೂರು ವೇಲೆನ್ಸಿಯದು ಸಿಮೆಂಟಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆರು ವೇಲೆನ್ಸಿಯದು, ಅಂದರೆ ಕ್ಯಾನ್ಸರ್ ತರುವಂಥದ್ದು, ಕ್ರೋಮೇಟ್ ಆಗಿ ನೀರಿನ ಜೊತೆ ಹೊರಟುಬಿಡುತ್ತದೆ. ಕ್ಷಾರ ಎಷ್ಟಿದ್ದರೂ ಅದು ಹೈಡ್ರಾಕ್ಸೈಡ್ ಆಗುವುದೇ ಇಲ್ಲ. ಮಾಮೂಲಿ ಸಿಮೆಂಟಿನಲ್ಲೂ ಇದರ ಸ್ವಲ್ಪ ಅಂಶ ಇರುತ್ತದೆ. ಗಾರೆ ಕೆಲಸದವರ ಕೈಗೆ ಅಲರ್ಜಿ ಬರುವುದಕ್ಕೆ ಇದೂ ಒಂದು ಕಾರಣ. ಅದಕ್ಕೇ ಯುರೋಪಿನಲ್ಲಿ ಕಿಲೋ ಸಿಮೆಂಟಿಗೆ 2 ಮಿಲಿಗ್ರಾಂ ಮಿತಿ ಇಟ್ಟಿದ್ದಾರೆ. ಹಾಗಾಗಿ ಸ್ಲಡ್ಜ್‌ಗೆ ಸಿಮೆಂಟ್ ಹಾಕುವ ಮೊದಲೇ ಫೆರಸ್ ಸಲ್ಫೇಟ್ ಕೊಟ್ಟು ಆರನ್ನು ಮೂರಕ್ಕೆ ಇಳಿಸಬೇಕು. ಕಬ್ಬಿಣದ ಕಾರ್ಖಾನೆಗಳ ಊದುಕುಲುಮೆಯ ಸ್ಲ್ಯಾಗ್ (ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟ) ಬೆರೆಸುವುದೂ ಇದಕ್ಕೆ ನೆರವಾಗುತ್ತದೆ, ಅದರಲ್ಲಿರುವ ಸಲ್ಫೈಡ್ ಕೂಡ ಆರನ್ನು ಮೂರಕ್ಕೆ ಇಳಿಸುತ್ತದೆ.

ಲ್ಯಾಬಿನಲ್ಲಿ ಪಾಸಾದರೆ ಸಾಕಲ್ವಾ ಅಂತ ಕೇಳಬಹುದು. ಟಿಸಿಎಲ್‌ಪಿ, ಅಂದರೆ ಕಸದಿಂದ ವಿಷದ ಅಂಶ ಎಷ್ಟು ಸೋರುತ್ತದೆ ಅಂತ ನೋಡುವ ಪರೀಕ್ಷೆಯಲ್ಲಿ ಬ್ಲಾಕನ್ನು 9.5 ಮಿ.ಮೀ.ಗಿಂತ ಚಿಕ್ಕದಾಗಿ ಒಡೆದು, ತೂಕದ 20 ಪಟ್ಟು ಹುಳಿ ದ್ರಾವಣದಲ್ಲಿ 18 ಗಂಟೆ ತಿರುಗಿಸುತ್ತಾರೆ. ಅಲ್ಲಿ ಕ್ರೋಮಿಯಂನ ಮಿತಿ ಲೀಟರಿಗೆ 5 ಮಿಲಿಗ್ರಾಂ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 0.05. ನೂರು ಪಟ್ಟು ವ್ಯತ್ಯಾಸ! ಆ ಪರೀಕ್ಷೆ ಇರುವುದು ಕಸವನ್ನು ಎಲ್ಲಿಗೆ ಕಳಿಸಬೇಕು ಅಂತ ತೀರ್ಮಾನಿಸುವುದಕ್ಕೆ. ಮಕ್ಕಳು ಒರಗಿ ನಿಲ್ಲುವ ಗೋಡೆಗಲ್ಲ. ಗೋಡೆ ಮಳೆಗೆ ನೆನೆಯುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಕ್ಷಾರ ಕಳೆದುಕೊಳ್ಳುತ್ತದೆ. ಮುಂದೆ ಯಾರೋ ಅದನ್ನು ಒಡೆದು, ಪುಡಿಯನ್ನು ಸೈಟಿಗೆ ತುಂಬುತ್ತಾರೆ. ಒಳಗೇನಿದೆ ಅಂತ ಅವರಿಗೆ ಹೇಳುವವರು ಯಾರು?

ಕಾನೂನೂ ಒಪ್ಪುವುದಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಇದನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ದಾಬಸ್‌ಪೇಟೆಯಲ್ಲಿರುವಂಥ, ಅಪಾಯಕಾರಿ ತ್ಯಾಜ್ಯ ವಿಲೇವಾರಿ ಮಾಡುವ ಅಧಿಕೃತ ಘಟಕಕ್ಕೆ ಕಳಿಸಿ. ಸಿಮೆಂಟ್ ಬೆರೆಸುವ ಕೆಲಸ ಅಲ್ಲಿ ಆಗಲಿ. ಅಲ್ಲಿ ತಳದಲ್ಲಿ ನೀರು ಇಳಿಯದಂಥ ಹಾಸು (ಲೈನರ್) ಇರುತ್ತದೆ, ಸೋರಿದ ನೀರನ್ನು ಹಿಡಿಯುವ ವ್ಯವಸ್ಥೆ ಇರುತ್ತದೆ.

ನೀವು ಇವತ್ತೇ ಮಾಡಬಹುದಾದದ್ದು ಒಂದಿದೆ. ಕ್ರೋಮಿಯಂ ನೀರು ಮತ್ತು ನಿಕ್ಕಲ್ ನೀರನ್ನು ಬೇರೆ ಬೇರೆ ಪೈಪಿಗೆ ತಿರುಗಿಸಿ. ಬೇರೆಯಾಗಿದ್ದರೆ ನಿಕ್ಕಲ್ ಸ್ಲಡ್ಜನ್ನು ಅದರಿಂದ ಲೋಹ ವಾಪಸ್ ತೆಗೆಯುವವರು ಕೊಳ್ಳುವ ಸಾಧ್ಯತೆ ಇದೆ. ಜೊತೆಗೆ, ಸುಣ್ಣ ಹಾಕಿ ತಿಳಿಯಾದ ಕ್ರೋಮಿಯಂ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ಹಳದಿ ಕಂಡರೆ ಆರು ವೇಲೆನ್ಸಿಯ ಕ್ರೋಮಿಯಂ ಇನ್ನೂ ಉಳಿದಿದೆ ಅಂತ ತಿಳಿಯಿರಿ. ಕಾಣದಿದ್ದರೂ ಲ್ಯಾಬಿಗೆ ಒಂದು ಮಾದರಿ ಕಳಿಸಿ.